ಡಾಲಿ ನುಗ್ಗಿದ ಪುಟ

ಅಮೆರಿಕದಲ್ಲಿ ಆವರೆಗೆ ನಡೆದ ಕಳವುಗಳಲ್ಲೆಲ್ಲ ದೊಡ್ಡದನ್ನು ೧೯೭೬ರ ಮೇ ತಿಂಗಳಲ್ಲಿ, ಓಲ್ಡ್ ಬ್ರಿಡ್ಜ್‌ನ ಒಂದು ಪುಟ್ಟ ಮ್ಯೂಸಿಯಂನಲ್ಲಿ ಪತ್ತೆ ಮಾಡಿದವಳು ನನ್ನ ಹೆಂಡತಿ ರಮಾಮಣಿ. ಅವಳನ್ನು ಅಲ್ಲಿಗೆ ಕಾರಿನಲ್ಲಿ ತಲುಪಿಸಿದವನು ನಾನು, ದ್ವಾರಕಾನಾಥ. ಆದ್ದರಿಂದ ಅರ್ಧ ಕೀರ್ತಿ, ನ್ಯಾಯವಾಗಿ ನೋಡಿದರೆ ಮುಕ್ಕಾಲು, ನನ್ನದು.

ಫೋನ್ ಮಾಡಿ ಅತ್ತವಳು ನಿರುಪಮಾ, ಅಲ್ಲಿ ಕೆಲಸಕ್ಕಿದ್ದ ಧಾರವಾಡದ ವಿದ್ಯಾರ್ಥಿನಿ. ಇಲ್ಲಿನ ಅಂತರ್ಯುದ್ಧದಲ್ಲಿ ಕಾದಿದ ಕುದುರೆ ಸವಾರನೊಬ್ಬನ ದಿನಚರಿ ಗಾಜಿನ ಪೆಟ್ಟಿಗೆಯಿಂದ ಮಾಯವಾಗಿತ್ತು. ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಅವಳು, ಮತ್ತು ದಿನಚರಿಯನ್ನು ಪ್ರದರ್ಶನಕ್ಕೆ ಕೊಟ್ಟಿದ್ದ ಸವಾರನ ಮೊಮ್ಮಗ ಪೈಕ್. ತನ್ನದನ್ನು ತಾನೇ ಯಾರು ಕದಿಯುತ್ತಾರೆ? ಸಂಜೆಯೊಳಗೆ ಸಿಗದಿದ್ದರೆ ಹುಡುಗಿಯ ಓದು, ವೀಸಾ ಎರಡೂ ಮುಳುಗಿದಂತೆ.

ಗಂಟೆಗೆ ಇನ್ನೂರು ಮೈಲಿ ವೇಗದಲ್ಲಿ ಡ್ರೈವ್ ಮಾಡಿದೆ. ರಮಾಮಣಿ ನಲವತ್ತು ಅನ್ನುತ್ತಾಳೆ.

ಬಾಗಿಲಲ್ಲೇ ನಿರುಪಮಾ ಗುಟ್ಟು ಬಿಚ್ಚಿದಳು. "ಆಂಟಿ, ನೂರು ವರ್ಷದಿಂದ ಅಂಟಿದ್ದ ಎರಡು ಹಾಳಿ ಇವತ್ತು ಮುಂಜಾನೆ ನೀವು ಕೊಟ್ಟ ಇಡ್ಲಿ ಪಾತ್ರೆ ಹಬಿಗೆ ಹಿಡದು ಬಿಡಿಸೇನ್ರಿ. ಆರ್ಲಿ ಅಂತ ಪೆಟ್ಟಿಗ್ಯಾಗ ಹಂಗೇ ತೆರೆದಿಟ್ಟಿದ್ದೆ. ಬೈತಾರಂತ ಯಾರಿಗೂ ಹೇಳಿಲ್ರಿ."

ಆ ಪುಟದಲ್ಲಿ ಸವಾರ ಹೀಗೆ ಬರೆದಿದ್ದನಂತೆ: 'ಗುಂಡುಗಳು ಆಲಿಕಲ್ಲಿನಂತೆ ಬೀಳುತ್ತಿದ್ದವು. ನಾನು ನುಗ್ಗಲಿಲ್ಲ. ನನ್ನ ಕುದುರೆ ಡಾಲಿ ನುಗ್ಗಿತು. ನಾನು ಕಣ್ಣು ಮುಚ್ಚಿ ಅದರ ಕತ್ತಿನ ಜೂಲು ಹಿಡಿದಿದ್ದೆ.'

ಒಳಗೆ ಎಲ್ಲರ ಚೀಲಗಳನ್ನೂ ತಡಕಿ ಮುಗಿದಿತ್ತು. ಪ್ರತಿ ಮೆರವಣಿಗೆಯಲ್ಲೂ ಅಜ್ಜನ ಸಮವಸ್ತ್ರ ತೊಟ್ಟು ಕುದುರೆ ಏರುವ ಪೈಕ್, ಮರದ ಕುದುರೆಗೆ ಹೊದಿಸಿದ್ದ ಅಜ್ಜನ ಜೀನಿನ ಮೇಲೆ ಕೈಯಿಟ್ಟು ನಿಂತಿದ್ದರು. ಜೀನು ಎಡಕ್ಕೆ ವಾಲಿತ್ತು. ರಮಾಮಣಿ ಅದಕ್ಕೊಂದು ಪ್ರದಕ್ಷಿಣೆ ಹಾಕಿದಳು. ನಾನು ಛಾವಣಿಯನ್ನು ಕೂಲಂಕಷವಾಗಿ ಪರೀಕ್ಷಿಸಿದೆ.

ಅಜ್ಜನ ವಿಷಯ ಹೇಳಿ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, ಪೈಕ್ ಗುಡುಗಿದರು: "ಸಾವನ್ನು ಕಣ್ಣುಬಿಟ್ಟು ನೋಡಿದ ಗಂಡಸು. ಜೂಲು ಹಿಡಿದು ಕೂತವರಲ್ಲ."

ರಮಾಮಣಿ ಎಲ್ಲರನ್ನೂ ಕರೆದು ಕೂರಿಸಿದಳು.

"ಜೂಲು ಹಿಡಿದರು ಅಂತ ಇಲ್ಲಿ ಯಾರೂ ಅನ್ನಲಿಲ್ಲವಲ್ಲ, ಪೈಕ್ ಅವರೇ?"

ಆಮೇಲೆ ಒಂದೊಂದಾಗಿ ಬಿಡಿಸಿಟ್ಟಳು. ಆ ಮಾತು ಇದ್ದದ್ದು ಅಂಟಿದ್ದ ಪುಟದಲ್ಲಿ ಮಾತ್ರ. ಅದನ್ನು ಬಿಡಿಸಿದ್ದು ಅಂದೇ ಬೆಳಿಗ್ಗೆ. ಓದಿದವಳು ನಿರುಪಮಾ, ಅವಳ ಬಾಯಿಂದ ಕೇಳಿದವರು ನಾವಿಬ್ಬರು. ಪೈಕ್‌ಗೆ ಗೊತ್ತಿರಬೇಕಾದರೆ ಪೆಟ್ಟಿಗೆಯಲ್ಲಿ ತೆರೆದಿದ್ದುದನ್ನು ಅವರು ಓದಿರಬೇಕು. ಅಜ್ಜನ ಮಾನ ಹೋದೀತೆಂದು ತೆಗೆದರು. ಹೊರಗೊಯ್ಯುವ ಮೊದಲೇ ತಪಾಸಣೆ ಶುರುವಾಯಿತು.

"ನಮ್ಮಪ್ಪ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದಲ್ಲಿದ್ದರು. ಜೀನು ಒಂದು ಬೆರಳು ವಾಲಿದರೂ ಕುದುರೆ ಬೆನ್ನು ಹುಣ್ಣಾಗುತ್ತೆ ಅಂತಿದ್ದರು. ಇದು ಎರಡು ಬೆರಳು ವಾಲಿದೆ."

ಜೀನು ಎತ್ತಿದರು. ಕೆಳಗಿನ ಕಂಬಳಿಯ ಮಡಿಕೆಯಲ್ಲಿತ್ತು ದಿನಚರಿ.

ರಮಾಮಣಿ ಪೈಕ್ ಅವರ ಪಕ್ಕ ಕೂತು, "ಹೆದರಿದೆ ಅಂತ ಬರೆದಿಟ್ಟರಲ್ಲ, ಅಷ್ಟು ಧೈರ್ಯ ಎಷ್ಟು ಜನಕ್ಕಿರುತ್ತೆ?" ಎಂದಳು. ಅವರು ಎದ್ದು ನಿರುಪಮಾಳ ಕ್ಷಮೆ ಕೇಳಿ, ಅದೇ ಪುಟ ತೆರೆದು ಪೆಟ್ಟಿಗೆಯಲ್ಲಿಟ್ಟರು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಹತ್ತು ಸಾವಿರ ಜನ ಇದ್ದರು. ಹದಿನಾಲ್ಕು ಜನಕ್ಕೆ ಕಡಿಮೆಯಂತೂ ಇಲ್ಲ.

ಮನೆಗೆ ಮರಳುವಾಗ, ನನ್ನ ಡ್ರೈವಿಂಗ್‌ನಿಂದಲೇ ಈ ಕೇಸು ಗೆದ್ದ ಬಗೆಯನ್ನು ನಿರುಪಮಾಗೆ ವಿವರಿಸುತ್ತಿದ್ದೆ.

"ಹೌದು ರೀ," ಎಂದಳು ರಮಾಮಣಿ. "ಡಾಲಿ ನುಗ್ಗಿತು. ನೀವು ಜೂಲು ಹಿಡಿದಿದ್ರಿ."