ಗೈಡನ್ನು ಕೊಂದ ಕಥೆ

ಭಾನುವಾರ ಬೆಳಿಗ್ಗೆ ಹಂಪಿಯಲ್ಲಿ ಬಸ್ಸಿಳಿದ ಅನುಸೂಯಾಳಿಗೆ ಮೊದಲು ಕಂಡಿದ್ದು ಗೈಡ್ ಪಂಪೇಶನ ನಗು. ಆ ನಗು ಅವಳ ಕಡೆಗಿರಲಿಲ್ಲ.

ಸಾಲುಮಂಟಪದ ಮುಂದಿನ ಬಿಸಿಲಲ್ಲಿ ಅವನು ಯಾರೋ ಹೆಂಗಸಿಗೆ ಕೊಡೆ ಹಿಡಿದು ನಿಂತಿದ್ದ. ಕೈಮಗ್ಗದ ಸೀರೆ, ಕೈಯಲ್ಲೊಂದು ನೋಟ್‌ಬುಕ್, ಚೆಂದದ ಮುಖ.

"ಬರ್ರಿ ಬರ್ರಿ! ಇವ್ರು ಸುಷ್ಮಿತಾ ಅಂತ. ಸಂಡೂರಿನ ಬ್ಯಾಂಕಿನಾಗ ಅದಾರ. ನಿಮ್ಮಂಗ ಕಥಿ ಬರೀತಾರ. ಲವ್ ಸ್ಟೋರಿ."

"ನಿಮ್ಮ ದೆವ್ವದ ಕಥಿ ಎಲ್ಲಾ ಕೇಳೀನ್ರಿ," ಅಂದಳು ಸುಷ್ಮಿತಾ. "ಪಂಪೇಶ್ ಅವ್ರು ನಿಮ್ಮ ಬಗ್ಗೆ ಭಾಳ ಹೇಳ್ತಿರ್ತಾರ."

ಹೇಳ್ತಿರ್ತಾರ! ಅಂದರೆ ಇದು ಮೊದಲ ಭೇಟಿಯಲ್ಲ. ಅನುಸೂಯಾ ನಕ್ಕಳು. ಹಲ್ಲು ಮಾತ್ರ ನಕ್ಕವು.

ಅನುಸೂಯಾ ಹೊಸಪೇಟೆಯವಳು. ಒಂದು ಆಡಿಯೊ ಆ್ಯಪ್‌ಗೆ ವಾರಕ್ಕೊಂದು ದೆವ್ವದ ಕಥೆ ಬರೆಯುವುದು ಅವಳ ಕೆಲಸ. ಗುರುವಾರದೊಳಗೆ ಸಾವಿರದ ಐನೂರು ಪದ ಕಳಿಸಬೇಕು. ಮೊದಲ ಎರಡು ನಿಮಿಷದಲ್ಲೇ ಕೇಳುವವರ ಎದೆ ಝಲ್ಲೆನ್ನಬೇಕು ಎಂದು ಸಂಪಾದಕ ವಿಜಯಕುಮಾರ್ ಅವರ ಕಟ್ಟಪ್ಪಣೆ. ಬೆಳಿಗ್ಗೆ ಐದಕ್ಕೆ ಎದ್ದು ಬರೆಯುತ್ತಾಳೆ, ಮಧ್ಯಾಹ್ನ ಹೊಡೆದುಹಾಕುತ್ತಾಳೆ, ಸಂಜೆ ಮಂಡಕ್ಕಿ ತಿನ್ನುತ್ತಾ ಮತ್ತೆ ಬರೆಯುತ್ತಾಳೆ. ಭಾನುವಾರ ಜಾಗ ಹುಡುಕಲು ಹಂಪಿಗೆ ಬರುತ್ತಾಳೆ.

ಪಂಪೇಶ್ ಪರಿಚಯವಾಗಿ ಮೂರು ವರ್ಷ. ಕಲ್ಲುಗಳ ನಡುವೆ ಅವನು ಮುಂದೆ ಹೋಗಿ, ಕಲ್ಲು ಅಲುಗಾಡುತ್ತದೋ ಎಂದು ಕಾಲಿಟ್ಟು ನೋಡಿ, ಆಮೇಲೆ "ಈಗ ಬರ್ರಿ" ಅನ್ನುತ್ತಿದ್ದ. ಪ್ರತಿ ಬುಧವಾರ ಫೋನಿನಲ್ಲಿ ಅವಳು ಓದುವ ಕಥೆಯನ್ನು ಮೊದಲು ಕೇಳುವವನೂ ಅವನೇ. "ಆ ಹೊತ್ತಿಗೆ ಗುಡಿ ಬಾಗಲಾ ಮುಚ್ಚಿರ್ತಾರ್ರಿ, ನಿಮ್ಮ ದೆವ್ವ ಒಳಗ ಹೆಂಗ ಹೋತು?" ಎಂದು ಕೇಳಿ ಅವಳನ್ನು ನಗಿಸುತ್ತಿದ್ದ.

ಆ ಕಾಲಿಟ್ಟು ನೋಡುವುದು ತನ್ನೊಬ್ಬಳಿಗೇ ಎಂದುಕೊಂಡಿದ್ದಳು ಅನುಸೂಯಾ.

ಮಂಗಳವಾರ ವಾರಪತ್ರಿಕೆಯಲ್ಲಿ ಸುಷ್ಮಿತಾಳ ಕಥೆ ಬಂತು. ಅನುಸೂಯಾ ಪತ್ರಿಕೆ ಕೊಂಡು, ಬಸ್ ಸ್ಟ್ಯಾಂಡಿನ ಅಂಗಡಿ ಮುಂದೆ ನಿಂತೇ ಓದಿದಳು. ಕಥೆಯ ನಾಯಕ ಒಬ್ಬ ಗೈಡ್. ಎಡ ಹುಬ್ಬಿನ ಮೇಲೆ ಗಾಯದ ಗುರುತು, ನೀಲಿ ಅಂಗಿ. ನಾಯಕಿ ಕಾಲಿಡುವ ಮೊದಲು ಕಲ್ಲಿನ ಮೇಲೆ ತಾನು ಕಾಲಿಟ್ಟು ನೋಡುತ್ತಾನೆ!

ಒಂದನೇ ಪುಟ ಮುಗಿಯುವಷ್ಟರಲ್ಲಿ ಅವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಎರಡನೇ ಪುಟ ತಿರುಗಿಸಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದಳು.

ಯಾವತ್ತೂ ಅಷ್ಟು ಸರಾಗವಾಗಿ ಬರೆದಿರಲಿಲ್ಲ. ಹಂಪಿಯಲ್ಲೊಬ್ಬ ಗೈಡ್, ಹೆಸರು ಪಂಪಣ್ಣ. ಸಿಹಿಮಾತಾಡಿ ಹೆಂಗಸರನ್ನು ನಿರ್ಜನ ಮಂಟಪಕ್ಕೆ ಕರೆದೊಯ್ದು ಬಿಟ್ಟುಬರುತ್ತಾನೆ. ಹಾಗೆ ಬಿಟ್ಟುಬಂದಾಗ ಅಲ್ಲೇ ಸತ್ತವಳೊಬ್ಬಳು ದೆವ್ವವಾಗಿ ಬಂದು ಅವನನ್ನು ತುಂಗಭದ್ರೆಗೆ ಎಳೆದುಕೊಳ್ಳುತ್ತಾಳೆ. ಹುಬ್ಬಿನ ಗುರುತು, ನೀಲಿ ಅಂಗಿ ಎಲ್ಲವೂ ಇದ್ದವು. ಆ ಬುಧವಾರ ಪಂಪೇಶನ ಫೋನ್ ಎರಡು ಸಲ ಬಂದರೂ ಎತ್ತಲಿಲ್ಲ. ಕಥೆಯನ್ನು ನೇರ ಕಳಿಸಿಬಿಟ್ಟಳು.

ಶುಕ್ರವಾರ ಆ್ಯಪ್‌ನಲ್ಲಿ ಬಂತು. "ಮಸ್ತ್ ಐತಿ, ಇದೇ ನಿಮ್ಮ ಬೆಸ್ಟ್," ಎಂದರು ವಿಜಯಕುಮಾರ್. ಅವಳಿಗೆ ಖುಷಿಯಾಗಬೇಕಿತ್ತು.

ಶನಿವಾರ ಸಂಜೆ ಪಂಪೇಶ್ ಫೋನ್ ಮಾಡಿದ. ದನಿ ಬೇರೆಯಾಗಿತ್ತು.

"ಕಥಿ ಕೇಳಿದೆ. ಇಲ್ಲಿ ಗೈಡ್‌ಗಳೆಲ್ಲಾ ಈಗ ನನ್ನ ಪಂಪಣ್ಣ ಅಂತ ಕರೀತಾರ. ಅದಿರ್ಲಿ. ಕಂಪ್ಲಿಯಿಂದ ಟೀಚರ್‌ಗಳು ಬರೋರಿದ್ರು, ಇಪ್ಪತ್ತೆರಡು ಮಂದಿ ಹೆಣ್ಮಕ್ಕಳು. ಅವ್ರಾಗ ಯಾರೋ ಕಥಿ ಕೇಳಿ, ಆ ಗೈಡ್ ಬ್ಯಾಡ ಅಂದ್ರಂತ."

"ಅದು ಕಥಿ ಪಂಪೇಶ್..."

"ಹೌದ್ರಿ. ಆದ್ರ ಮುಖ ನಂದು. ಹನ್ನೆರಡು ವರ್ಷ ಆತು ಈ ಕೆಲಸಕ್ಕ ಬಂದು. ಒಬ್ಬ ಹೆಣ್ಮಗಳೂ ನನ್ನ ಕೂಡ ಬಂದು ಹೆದ್ರಿಲ್ಲ. ಅದು ನಿಮಗ ಗೊತ್ತಿತ್ತಲ್ರಿ?"

ಫೋನ್ ಇಟ್ಟ.

ಅವಳು, ತನ್ನ ಸಿಟ್ಟಿಗೆ ಒಂದಾದರೂ ಕಾರಣ ಸಿಗಲಿ ಎಂದು ಸುಷ್ಮಿತಾಳ ಕಥೆಯ ಎರಡನೇ ಪುಟ ತೆಗೆದಳು.

ಅಲ್ಲಿ ನಾಯಕಿ ಗೈಡ್‌ಗೆ ತನ್ನ ಮನಸ್ಸು ಹೇಳುತ್ತಾಳೆ. ಅವನು ತಲೆ ತಗ್ಗಿಸುತ್ತಾನೆ. "ನನ್ನ ಮನಸ್ಸು ಬ್ಯಾರೆ ಕಡೆ ಐತ್ರಿ. ಆಕಿ ಭಾನುವಾರ ಬಸ್ಸಿಗೆ ಬರ್ತಾಳ. ಬಸ್ ಟಿಕೆಟ್ ಹಿಂದ ಕಥಿ ಬರ್ಕೊಂತಾಳ. ತಾನು ಬರೆದ ದೆವ್ವಕ್ಕ ತಾನೇ ಹೆದ್ರತಾಳ. ಹೇಳಾಕ ನನಗ ಧೈರ್ಯ ಇಲ್ಲ." ನಾಯಕಿ ಅವನಿಗೆ ಒಳ್ಳೆಯದಾಗಲಿ ಎಂದು ಹೇಳಿ, ಸಂಡೂರಿನ ಬಸ್ ಹತ್ತುತ್ತಾಳೆ.

ಅನುಸೂಯಾ ಆ ಸಾಲುಗಳನ್ನು ನಾಲ್ಕು ಸಲ ಓದಿದಳು. ನಾಲ್ಕನೇ ಸಲ ಅಕ್ಷರಗಳು ಕಾಣಲಿಲ್ಲ.

ವಿಜಯಕುಮಾರ್‌ಗೆ ಫೋನ್ ಮಾಡಿ ಕಥೆ ತೆಗೆಸಿದಳು. "ಹಿಂಗ ಮಾಡಿದ್ರ ಹೆಂಗ್ರಿ? ಎಲ್ಲಾದಕ್ಕಿಂತ ಜಾಸ್ತಿ ಮಂದಿ ಕೇಳಾಕತ್ತಿದ್ರು!" ಎಂದು ಅವರು ರೇಗಿದರು. ಆಮೇಲೆ ಹುಡುಕಿ ಹುಡುಕಿ ಕಂಪ್ಲಿಯ ಆ ಶಾಲೆಯ ಹೆಡ್‌ಮಿಸ್ ಅಕ್ಕನಾಗಮ್ಮನವರ ನಂಬರ್ ಹಿಡಿದಳು.

"ಮೇಡಂ, ಆ ಕಥಿ ಬರೆದಾಕಿ ನಾನೇ. ಆ ಗೈಡ್ ಅಂಥವರಲ್ರಿ. ನಾನು ಹೊಟ್ಟೆಕಿಚ್ಚಿಗೆ ಬರೆದೆ."

"ಹೊಟ್ಟೆಕಿಚ್ಚು ಯಾಕವಾ?"

"ಅವ್ರು ಬ್ಯಾರೆ ಯಾರ ಕೂಡನೋ ನಗ್ತಿದ್ರು."

"ಅವ್ರು ನಕ್ರ ನಿನಗೇನು?"

ಮೂವತ್ತೊಂದು ವರ್ಷದ ಅನುಸೂಯಾ ಶಾಲೆಯ ಹುಡುಗಿಯಂತೆ ಎದ್ದು ನಿಂತಳು. "ಅವ್ರು ನನಗ ಬೇಕ್ರಿ ಮೇಡಂ."

ಆ ಕಡೆ ಯಾರೋ ಕಿಸಕ್ಕನೆ ನಕ್ಕರು. ಫೋನು ಸ್ಪೀಕರಿನಲ್ಲಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಪಂಪೇಶನ ಫೋನ್ ಬಂತು. ಹಿಂದೆ ಹೆಂಗಸರ ಗದ್ದಲ.

"ಅನುಸೂಯಾ ಅವ್ರ, ಟೀಚರ್‌ಗಳು ಬಂದಾರ. ಮುಂಜಾನಿಂದ ನಾನೇನು ಹೇಳಿದ್ರೂ ಇವ್ರು ಶಿಲ್ಪ ನೋಡವಲ್ರು, ನನ್ನ ಮುಖ ನೋಡಿ ನಗ್ತಾರ. ಈಗ ಹೆಡ್‌ಮಿಸ್ ಎಲ್ಲಾ ಹೇಳಿದ್ರು. ಇಪ್ಪತ್ತೆರಡು ಮಂದಿಗೆ ಗೊತ್ತೈತಿ, ನನಗ ಯಾವಾಗ ಹೇಳ್ತೀರಿ?"

ಅವಳು ಸಿಕ್ಕ ಆಟೋ ಹತ್ತಿದಳು.

ಹೊಳೆಯ ಮೆಟ್ಟಿಲ ಮೇಲೆ ಅವನೊಬ್ಬನೇ ಕುಳಿತಿದ್ದ. ಟೀಚರ್‌ಗಳು ದೂರದ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಯಾರೊಬ್ಬರೂ ಊಟದ ಕಡೆ ನೋಡುತ್ತಿರಲಿಲ್ಲ.

"ಮೊದ್ಲು ತಪ್ಪಾತು ಅಂತ ಹೇಳ್ತೀನಿ," ಅಂದಳು. "ನಿಮ್ಮ ಹೆಸರು ಕೆಡಿಸಿದೆ."

"ನನಗ ಭಾಳ ನೋವಾತ್ರಿ," ಅಂದ ಅವನು. ಆ ಮಾತನ್ನು ನಗೆಯಲ್ಲಿ ಮುಚ್ಚಲಿಲ್ಲ. "ಇನ್ನು ಸಿಟ್ಟು ಬಂದ್ರ ನನ್ನ ಕೂಡ ಜಗಳಾ ಮಾಡ್ರಿ. ಕಥಿಯೊಳಗ ಬ್ಯಾಡ."

"ಇಲ್ಲ. ಇನ್ನ ಮಾಡೂದಿಲ್ಲ."

"ಆತು. ಈಗ ಟೀಚರಮ್ಮಗ ಹೇಳಿದ್ದು ಹೇಳ್ರಿ."

"ಅವ್ರಿಗೆ ಹೇಳೂದು ಸುಲಭ ಇತ್ತು. ಮುಖ ಕಾಣ್ತಿದ್ದಿಲ್ಲ."

ಪಂಪೇಶ್ ಎದ್ದು, ಅವಳಿಗೆ ಬೆನ್ನು ಮಾಡಿ, ಹೊಳೆಯ ಕಡೆ ತಿರುಗಿ ನಿಂತ. "ಈಗ ಹೇಳ್ರಿ."

ಅವನ ಬೆನ್ನಿಗೆ ಹೇಳಿದಳು. ಮೂರೇ ಮಾತು. ಅವನ ಕಿವಿಗಳು ನಿಧಾನವಾಗಿ ಕೆಂಪಾದವು.

"ನಾಳೆ ನಮ್ಮವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ಲೇನ್ರಿ?" ಎಂದು ಹೊಳೆಯನ್ನೇ ಕೇಳಿದ.

"ನಾಳೆ ಹೊಸಾ ಕಥಿ ಶುರು ಮಾಡಬೇಕಿತ್ತು," ಎಂದು ರೂಢಿಯಂತೆ ಅಂದವಳು ತನ್ನ ಮಾತಿಗೆ ತಾನೇ ಬೆಚ್ಚಿದಳು. "ಇಲ್ಲಿಲ್ಲ, ಬರ್ರಿ. ಜಲ್ದಿನೇ ಬರ್ರಿ."