ಸ್ವಲ್ಪ ತಡವಾದ ಢುಂ

“ಇದೂ ಅಲ್ಲ,” ಎಂದಳು ಚೋಟು.

ವಾದ್ಯಗಳ ಅಂಗಡಿಯವರು ತಲೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಅವಳನ್ನೊಮ್ಮೆ ನೋಡಿದರು. ಗಿಟಾರಿನ ದನಿ ಬದಲಿಸುವ ಎರಡನೇ ಪೆಡಲ್‌ನ ವಯರ್ ಬಿಚ್ಚಿ ಅದನ್ನು ಪಕ್ಕಕ್ಕಿಟ್ಟರು. ಕೌಂಟರಿನ ಮೇಲೆ ಈಗ ಎರಡು ಪುಟ್ಟ ಡಬ್ಬಿಗಳು ಫೇಲಾಗಿ ಕೂತಿದ್ದವು, ಒಂದು ಹಸಿರು, ಒಂದು ಹಳದಿ.

ಚೋಟುವಿನ ತೊಡೆಯ ಮೇಲಿದ್ದದ್ದು ಅಪ್ಪನ ಬಾಸ್ ಗಿಟಾರ್. ನಾಲ್ಕೇ ತಂತಿ, ಆದರೆ ಒಂದೊಂದೂ ದಪ್ಪ. ನಿಲ್ಲಿಸಿದರೆ ಅದು ಅವಳ ಗಲ್ಲಕ್ಕೆ ಬರುತ್ತಿತ್ತು. ಅವಳಿಗೆ ಚೋಟು ಎಂಬ ಹೆಸರು ಬಂದದ್ದೇ ಆ ಗಿಟಾರಿನ ಪಕ್ಕ ನಿಂತಾಗ.

ಶುಕ್ರವಾರ ಶಾಲೆಯಲ್ಲಿ ಕಾರ್ಯಕ್ರಮ. ಸ್ಟೇಜಿನ ಮೇಲೆ ಚೋಟು ಒಬ್ಬಳೇ ಎರಡು ನಿಮಿಷ ನುಡಿಸಬೇಕು. ಯಾವ ಟ್ಯೂನ್ ಎಂದು ಅವಳು ಯೋಚಿಸಲೇ ಇಲ್ಲ. ಮನೆಯಲ್ಲಿ ಅಪ್ಪನ ಹಳೆಯ ಕ್ಯಾಸೆಟ್ ಒಂದಿದೆ. ಹದಿನೆಂಟರ ವಯಸ್ಸಿನಲ್ಲಿ ಅಪ್ಪ ತಾನೇ ಕಟ್ಟಿ, ತಾನೇ ನುಡಿಸಿದ ಟ್ಯೂನ್ ಅದರಲ್ಲಿದೆ. ಚೋಟು ತೊಟ್ಟಿಲಲ್ಲಿದ್ದಾಗಿಂದ ಅದನ್ನು ಕೇಳಿದ್ದಾಳೆ. ಆದರೆ ಅವಳು ನುಡಿಸಿದರೆ ಬರೀ ಢುಂ ಎನ್ನುತ್ತದೆ. ಕ್ಯಾಸೆಟ್ಟಿನಲ್ಲಿ ಆ ಢುಂ ನೀರಿನ ಮೇಲೆ ಬಿದ್ದ ಬೆಳಕಿನ ಹಾಗೆ ನಡುಗುತ್ತದೆ.

“ಆಗ ನನ್ನ ಹತ್ರ ನೀಲಿ ಕೋರಸ್ ಪೆಡಲ್ ಇತ್ತು. ಅದರದ್ದೇ ಜಾದೂ,” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆ ನೀಲಿ ಪೆಡಲ್ ಯಾವಾಗಲೋ ಮನೆ ಬದಲಾಯಿಸುವಾಗ ಕಳೆದುಹೋಯಿತು. ಹಾಗಾಗಿ ಈ ಸಲ ಚೋಟುವಿನ ಹುಟ್ಟುಹಬ್ಬಕ್ಕೆ ಒಂದು ಪೆಡಲ್. ಒಂದೇ ಒಂದು. ಮನೆಗೆ ಹೋದ ಮೇಲೆ ಬೇಡ ಎನ್ನುವ ಹಾಗಿಲ್ಲ.

ಅಂಗಡಿಯ ಮೂಲೆಯಲ್ಲಿ, ಸ್ಪೀಕರ್ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಆರು ವರ್ಷದ ತಂಗಿ ಕೂತಿದ್ದಳು. ಅವಳನ್ನು ಮನೆಯಲ್ಲಿ ಎಲ್ಲರೂ ಬಾಲ ಎನ್ನುತ್ತಾರೆ, ಯಾವಾಗಲೂ ಅಕ್ಕನ ಹಿಂದೆಯೇ ಇರುವುದರಿಂದ. ಏನನ್ನೂ ಮುಟ್ಟಬೇಡ ಎಂದು ಹೇಳಿದ್ದರಿಂದ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು. ಅವಳ ಕಣ್ಣು ಇನ್ನೂ ಊದಿಕೊಂಡಿತ್ತು. ಬೆಳಿಗ್ಗೆ ಚೋಟು ಪ್ರಾಕ್ಟೀಸ್ ಮಾಡುತ್ತಿದ್ದಾಗ ಇವಳು ಪಕ್ಕದಲ್ಲಿ ಆಟದ ಕೀಬೋರ್ಡ್ ಹಿಡಿದು ಅದೇ ಟ್ಯೂನ್ ಬಾರಿಸಿದ್ದಳು, ಪ್ರತಿ ಸ್ವರಕ್ಕೂ ಒಂದು ಚೂರು ತಡವಾಗಿ. ತಲೆ ಕೆಟ್ಟುಹೋಗಿ ಚೋಟು ಅವಳನ್ನು ಹೊರಗೆ ದೂಡಿ ಚಿಲಕ ಹಾಕಿಬಿಟ್ಟಿದ್ದಳು.

ಅಂಗಡಿಯವರು ಮೂರನೇ ಡಬ್ಬಿ ತೆಗೆದರು. ಅದು ಕಪ್ಪು ಬಣ್ಣದ್ದು.

“ನೋಡಮ್ಮ, ಕೋರಸ್ ಪೆಡಲ್ ಮಾಡೋದು ಇಷ್ಟೇ. ನೀನೊಬ್ಬಳು ನುಡಿಸಿದ್ದನ್ನ ಇಬ್ಬರು ನುಡಿಸಿದ ಹಾಗೆ ಕೇಳಿಸತ್ತೆ. ಎರಡನೆಯವರು ಒಂಚೂರು ಲೇಟು, ಒಂಚೂರು ಅಪಸ್ವರ. ಹಸಿರು, ಹಳದಿ ಎರಡೂ ಮಾಮೂಲಿ ಗಿಟಾರಿಂದು. ಅದಕ್ಕೇ ಕೆಳಗಿನ ಸ್ವರ ಕಲಸುಮೇಲೋಗರ ಆಯ್ತು. ಇದು ಬಾಸ್‌ಗೇ ಅಂತ ಮಾಡಿದ್ದು.”

ಚೋಟು ನುಡಿಸಿದಳು. ದಪ್ಪ ಸ್ವರ ದಪ್ಪಗೇ ಉಳಿಯಿತು, ಅದರ ಮೇಲೆ ಮಾತ್ರ ತೆಳ್ಳಗಿನ ನಡುಕ. ಪಕ್ಕದಲ್ಲಿ ನಿಂತಿದ್ದ ಅಪ್ಪ ತಲೆದೂಗಿದರು. ಚೋಟು ಇನ್ನೊಮ್ಮೆ ನುಡಿಸಿ ತುಟಿ ಕಚ್ಚಿಕೊಂಡಳು.

“ಚೆನ್ನಾಗಿದೆ ಅಂಕಲ್. ಆದ್ರೆ ಇದು ಪ್ರತಿ ಸಲಾನೂ ಒಂದೇ ಥರ ಲೇಟಾಗತ್ತೆ. ಅಪ್ಪಂದು ಹಾಗಲ್ಲ.”

ಹಾಗಾದರೆ ಆ ಅಪ್ಪಂದನ್ನೇ ಕೇಳಿಸಿ ಎಂದರು ಅಂಗಡಿಯವರು. ಅಪ್ಪ ಅದಕ್ಕೇ ಕಾಯುತ್ತಿದ್ದವರಂತೆ ಚೀಲದಿಂದ ಟೇಪ್ ರೆಕಾರ್ಡರ್ ಹೊರತೆಗೆದರು. ಅದರ ಮುಚ್ಚಳ ನಿಲ್ಲುತ್ತಿದ್ದದ್ದು ರಬ್ಬರ್ ಬ್ಯಾಂಡಿನ ದಯೆಯಿಂದ. ಮನೆಯಲ್ಲಿ ಅದನ್ನು ಅಪ್ಪನ ಹೊರತು ಯಾರೂ ಮುಟ್ಟುವಂತಿಲ್ಲ. ಹಾಕುವವರೂ ಅವರೇ, ಟ್ಯೂನ್ ಮುಗಿದ ಕೂಡಲೇ ಟಕ್ ಎಂದು ನಿಲ್ಲಿಸುವವರೂ ಅವರೇ.

ಅಂಗಡಿಯವರು ರೆಕಾರ್ಡರನ್ನು ತಮ್ಮ ಕಡೆಗೆ ಎಳೆದುಕೊಂಡು ಅದಕ್ಕೆ ಕಿವಿ ಹಚ್ಚಿದರು. ಟ್ಯೂನ್ ಮುಗಿಯಿತು. ಅಪ್ಪನ ಕೈ ಗುಂಡಿಯವರೆಗೆ ಹೋಯಿತು, ಆದರೆ ಅಲ್ಲಿ ಅಂಗಡಿಯವರ ತಲೆ ಅಡ್ಡ ಇತ್ತು. ಟೇಪು ಓಡುತ್ತಲೇ ಇತ್ತು. ಸ್ವಲ್ಪ ಹೊತ್ತು ಗರಗರ ಸದ್ದು. ಆಮೇಲೆ ಒಂದು ಪುಟ್ಟ ಹುಡುಗಿಯ ದನಿ.

“ಅಣ್ಣಾ, ಈ ಸಲ ಸರಿಯಾಯ್ತಾ?”

ಅದರ ಹಿಂದೆಯೇ ಅಪ್ಪನ ದನಿ. ಅಪ್ಪನದೇ, ಆದರೆ ಇನ್ನೂ ಎಳೆಯದು.

“ನೀನು ಸುಮ್ನೆ ಕೂತಿದ್ರೆ ಸರಿಯಾಗ್ತಿತ್ತು. ಆ ಗಿಟಾರ್ ಕೆಳಗಿಡು. ಹೋಗು ಆಚೆ.”

ಬಾಗಿಲು ಹಾಕಿದ ಸದ್ದು. ಟೇಪು ಅಲ್ಲಿಗೆ ಖಾಲಿ.

“ಅಪ್ಪಾ, ನೀನು ಯಾರನ್ನ ಬೈತಿರೋದು?” ಎಂದು ಮೂಲೆಯಿಂದ ಬಾಲ ಕೇಳಿದಳು.

ಅಪ್ಪ ಹತ್ತಿರದ ಸ್ಟೂಲಿನ ಮೇಲೆ ಕೂತರು. “ನಿಮ್ಮತ್ತೇನ,” ಎಂದರು.

ಅತ್ತೆ ಎಂದರೆ ಅಪ್ಪನ ತಂಗಿ. ಈಗ ದೊಡ್ಡ ಹಡಗೊಂದರ ಇಂಜಿನ್ ನೋಡಿಕೊಳ್ಳುತ್ತಾಳೆ. ವರ್ಷಕ್ಕೊಮ್ಮೆ ಬಂದು, ಎರಡು ದಿನ ನಿದ್ದೆ ಮಾಡಿ, ಮನೆಯ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ಹೊರಟುಬಿಡುತ್ತಾಳೆ. ಅವಳೂ ಒಂದು ಕಾಲದಲ್ಲಿ, ಈ ಟೇಪಿನಲ್ಲಿರುವ ಹಾಗೆ, ಎಂಟು ವರ್ಷದ ಹುಡುಗಿಯಾಗಿದ್ದಳು ಎಂದು ಚೋಟು ಯಾವತ್ತೂ ಯೋಚಿಸಿರಲಿಲ್ಲ.

ಅಪ್ಪ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದರು. ಹಿಂದಿನ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಒರಗಿಸಿದ ಹಾಸಿಗೆ. ಪಕ್ಕದಲ್ಲಿ ತಂತಿ ಸಡಿಲವಾದ ಹಳೆಯ ಗಿಟಾರ್ ಹಿಡಿದು, ಅಣ್ಣನ ಬೆರಳನ್ನೇ ನೋಡುತ್ತಾ ನುಡಿಸುತ್ತಿದ್ದ ತಂಗಿ. ನೋಡಿ ನುಡಿಸಬೇಕಲ್ಲ, ಹಾಗಾಗಿ ಯಾವಾಗಲೂ ಒಂದು ಚೂರು ತಡ. ನೀಲಿ ಪೆಡಲ್ ಬಂದದ್ದು ಈ ರೆಕಾರ್ಡಿಂಗ್ ಆಗಿ ಎರಡು ತಿಂಗಳಿಗೆ. ಅಷ್ಟರಲ್ಲಿ ಅವಳು ಆ ಕೋಣೆಗೆ ಬರುವುದನ್ನೇ ಬಿಟ್ಟಿದ್ದಳು.

“ಇಷ್ಟು ವರ್ಷ ಪೆಡಲ್ ಪೆಡಲ್ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ,” ಎಂದರು ಅಪ್ಪ. “ಅದು ನನ್ನ ತಂಗಿ.”

ಅಂಗಡಿಯವರು ಕನ್ನಡಕ ಮತ್ತೆ ತಲೆಗೇರಿಸಿದರು. ಹಾಗಿದ್ದರೆ ಆ ಸೌಂಡ್ ತಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

ಚೋಟು ಕಪ್ಪು ಡಬ್ಬಿಯನ್ನೇ ಆರಿಸಿದಳು. ಅದು ಒಳ್ಳೆಯ ಪೆಡಲ್, ಬೇರೆ ಹಾಡುಗಳಿಗೆ ಬೇಕಾಗುತ್ತದೆ. ದಾರಿಯುದ್ದಕ್ಕೂ ಅಪ್ಪ ಅತ್ತೆಗೆ ವಾಯ್ಸ್ ಮೆಸೇಜ್ ಕಳಿಸಲು ಶುರು ಮಾಡುವುದು, ಅಳಿಸುವುದು, ಮತ್ತೆ ಶುರು ಮಾಡುವುದು ನಡೆದೇ ಇತ್ತು. ಬಾಲ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಚೋಟು ನಡಿಗೆ ನಿಧಾನ ಮಾಡಿದಳು.

ಸಂಜೆ ಕೋಣೆಯಲ್ಲಿ ಪೆಡಲ್ ಜೋಡಿಸಿ, ಎದುರಿಗೆ ಅಪ್ಪನ ಫೋನ್ ಇಟ್ಟು ರೆಕಾರ್ಡಿಂಗ್ ಒತ್ತಿದಳು. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಆಚೆ ಬಾಲ ಕೀಬೋರ್ಡ್ ತಬ್ಬಿಕೊಂಡು ನಿಂತಿದ್ದಳು, ಒಳಗೆ ಬರುವ ಧೈರ್ಯ ಇರಲಿಲ್ಲ.

ಚೋಟು ಕಾಲಿನಿಂದ ಪೆಡಲ್ ಆಫ್ ಮಾಡಿದಳು. “ಬಾ, ಇಲ್ಲಿ ಕೂತ್ಕೊ,” ಎಂದಳು.

ಇಬ್ಬರೂ ನುಡಿಸಿದರು. ಬಾಲ ಅಕ್ಕನ ಬೆರಳನ್ನೇ ನೋಡುತ್ತಾ ಕೆಲವು ಕಡೆ ತಡ ಮಾಡಿದಳು, ಒಂದು ಕಡೆ ಆತುರ ಬಿದ್ದು ಮುಂದೆ ಓಡಿದಳು. ಟ್ಯೂನ್ ಮುಗಿಯಿತು. ಚೋಟುವಿನ ಕೈ ಫೋನಿನ ಕಡೆಗೆ ಹೋಯಿತು.

“ಅಕ್ಕಾ, ಸರಿಯಾಯ್ತಾ?”

ಚೋಟು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಫೋನಿನಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು.

“ಸ್ವಲ್ಪ ಲೇಟಾಯ್ತು,” ಎಂದಳು. “ಶುಕ್ರವಾರಾನೂ ಹೀಗೇ ನುಡಿಸು.”