ನಡುಮನೆಯ ಫೋನು

"ಮಾರುತೇಶ್ ಅವರ ಮನೆ ಇದೇ ಅಲ್ವಾ? ಸ್ವಲ್ಪ ಕರೀರಿ ಅಕ್ಕ, ಅವರ ಮೊಬೈಲಿಗೆ ಓಟಿಪಿ ಬರ್ತೈತೆ."

ಬಾಗಿಲಲ್ಲಿ ನಿಂತಿದ್ದವನ ಹೆಗಲ ಮೇಲೆ ಕಪ್ಪು ಕೇಬಲ್ಲಿನ ಸುರುಳಿ, ಕೈಯಲ್ಲೊಂದು ಬಿಳಿ ಡಬ್ಬಿ.

ಜಗದಾಂಬ ಮಸಿಬಟ್ಟೆ ಹಿಡಿದುಕೊಂಡು ಹಾಗೇ ನಿಂತಳು.

ಹನ್ನೊಂದನೇ ದಿನದ ಕಾರ್ಯ ಮುಗಿದು, ನೆಂಟರೆಲ್ಲ ನಿನ್ನೆ ಸಂಜೆಯೇ ಬಸ್ಸು ಹತ್ತಿದ್ದರು. ಇವತ್ತು ಎಲ್ಲ ಮನೆಗಳ ಹಾಗೆ ಈ ಮನೆಗೂ ಬೆಳಗಾಗಿತ್ತು. ನಲ್ಲಿಯಲ್ಲಿ ನೀರು ಬಂತು. ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಬಂತು. ಗಂಡ ಮಿಲ್ಲಿಗೆ ಹೋಗುವ ಹೊತ್ತಾಯಿತೆಂದು ಅವಳು ಗಡಿಯಾರ ನೋಡಿ ಅವಸರ ಮಾಡಿದಳು. ಯಾರಿಗಾಗಿ ಅವಸರ ಎಂದು ನೆನಪಾಗುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ತುಂಬಾ ಹರಿದಿತ್ತು.

"ಅವರಿಲ್ಲ," ಎಂದಳು.

"ಎಷ್ಟೊತ್ತಿಗೆ ಬರ್ತಾರೆ?"

ಉತ್ತರ ಕೊಟ್ಟಿದ್ದು ಒಳಗಿದ್ದ ಅತ್ತೆ ಬೋರಕ್ಕ. "ನನ್ ಮಗ ಹೋಗಿ ಹದಿಮೂರು ದಿನ ಆತಪ್ಪ. ಎದೆ ಹಿಡ್ಕಂಡು ಮಿಲ್ಲಲ್ಲೇ ಬಿದ್ದ. ನೀನ್ಯಾರು?"

ಬಂದವನ ಕೈಯಲ್ಲಿದ್ದ ಡಬ್ಬಿ ಕೆಳಗಿಳಿಯಿತು. ಅವನ ಹೆಸರು ಎರ್ರಿಸ್ವಾಮಿ. ಮನೆಮನೆಗೆ ವೈಫೈ ಹಾಕುವವನು. "ಹೋದ ತಿಂಗಳು ಅರ್ಜಿ ಕೊಟ್ಟಿದ್ರು ಅವ್ವ. ವೈಫೈ, ಜೊತೆಗೆ ಅದ್ರಲ್ಲೇ ಮಾತಾಡೋ ಫೋನು. ಕೇಬಲ್ ಎಳೆಯೋದು ತಡ ಆತು... ವಾಪಸ್ ಬರ್ದುಬಿಡ್ತೀನಿ."

"ಹಾಕಿ ಹೋಗು," ಎಂದಳು ಬೋರಕ್ಕ. "ಅವ್ನು ಆಸೆಪಟ್ಟು ಕೇಳಿದ್ದು. ಬಾಗಿಲಿಂದ ವಾಪಸ್ ಹೋಗೋದ್ ಬ್ಯಾಡ."

ಹೀಗೆ ಆ ಮನೆಗೆ ಫೋನು ಬಂತು.

ಎರ್ರಿಸ್ವಾಮಿ ಕಿಟಕಿಯ ಮೂಲೆಯಲ್ಲಿ ತೂತು ಕೊರೆದು ಕೇಬಲ್ ಒಳಗೆ ತಂದ. ಜಗದಾಂಬ ರೂಮಿನ ಕಡೆ ಕೈ ತೋರಿಸಿದರೆ ಅವನು ತಲೆಯಾಡಿಸಿದ. "ಬ್ಯಾಡ ಅಕ್ಕ. ಫೋನು ನಡುಮನೇಲೇ ಇರ್ಬೇಕು ಅಂತ ಒತ್ತಿ ಹೇಳಿದ್ರು. ಮನೇಲಿ ಸಿಗ್ನಲ್ ಸಿಗಲ್ಲ, ಹೆಂಡ್ತಿ ಮಾತಾಡಕ್ಕೆ ಮಾಳಿಗೆ ಹತ್ತಬೇಕು ಅಂತಿದ್ರು."

ಅದು ನಿಜ. ರಾಯದುರ್ಗದ ತವರಿಗೆ ಫೋನ್ ಮಾಡಲು ಅವಳು ದಿನಾ ಸಂಜೆ ಮಾಳಿಗೆ ಹತ್ತುತ್ತಿದ್ದಳು. ನೀರಿನ ಟ್ಯಾಂಕಿಗೆ ಒರಗಿ ಅವ್ವನ ಜೊತೆ ಅರ್ಧ ಗಂಟೆ ತೆಲುಗಿನಲ್ಲಿ ಹರಟುತ್ತಿದ್ದಳು. ಚಳ್ಳಕೆರೆಯ ಈ ಮನೆಯಲ್ಲಿ ಯಾರಿಗೂ ತೆಲುಗು ಬಾರದು. ಮಾರುತೇಶನಿಗಂತೂ ಒಂದಕ್ಷರವೂ ಬಾರದು. ಹಾಗೆಂದೇ ಅವಳು ನಂಬಿದ್ದಳು.

ಓಟಿಪಿಗಾಗಿ ಬೀರುವಿನಿಂದ ಗಂಡನ ಮೊಬೈಲು ತೆಗೆದು ಚಾರ್ಜಿಗಿಟ್ಟಳು. ಹದಿಮೂರು ದಿನ ಸತ್ತಂತಿದ್ದ ಅದು ಎಚ್ಚರವಾದ ಮೇಲೆ ಸಿಗ್ನಲ್ಲಿಗೆಂದು ಮಾಳಿಗೆಗೆ ಒಯ್ದಳು; ಓಟಿಪಿಯ ಜೊತೆಗೇ ಮಿಸ್ಡ್ ಕಾಲಿನ ಮೆಸೇಜುಗಳೂ ಬಂದವು. ನಾಲ್ಕು. ನಾಲ್ಕೂ ಒಂದೇ ಹೆಸರಿನವು.

ವನಜಾಕ್ಷಿ.

ಯಾರಿದು?

ಅವಳು ಕೆಳಗಿಳಿದು ಹೇಳಿದ ಓಟಿಪಿಯನ್ನು ಎರ್ರಿಸ್ವಾಮಿ ಒತ್ತಿದ. ರೂಟರಿನ ದೀಪ ಕೆಂಪಾಯಿತು, ಆರಿತು, ಮತ್ತೆ ಕೆಂಪಾಯಿತು. ಆಫೀಸಿಗೆ ಫೋನ್ ಮಾಡಿದ, ಕಂಬ ಹತ್ತಿ ಇಳಿದ. ಮಧ್ಯಾಹ್ನದ ಹೊತ್ತಿಗೆ ದೀಪ ಹಸಿರಾಯಿತು.

"ಸಾರ್ ಮೊಬೈಲಿಗೇ ಹಾಕಿ ನೋಡಾಣ," ಎಂದು ವೈಫೈ ಪಟ್ಟಿ ತೆರೆದ. "ಹಳೇವು ಎರಡು ಐತೆ. ಒಂದು ಮಿಲ್ ಆಫೀಸು. ಇನ್ನೊಂದು... 'ವನಜಾಕ್ಷಿ ಮನೆ'. ಇವು ಇರ್ಲಾ, ತೆಗೀಲಾ?"

ಜಗದಾಂಬ ಬಗ್ಗಿ ಮೊಬೈಲಿನ ಪರದೆ ನೋಡಿದಳು.

ಒಂದು ಮನೆಯ ವೈಫೈ ಮೊಬೈಲಿನಲ್ಲಿ ಉಳಿಯಬೇಕಾದರೆ ಆ ಮನೆಯೊಳಗೆ ಹೋಗಿರಬೇಕು. ಪಾಸ್‌ವರ್ಡ್ ಕೇಳುವಷ್ಟು ಸಲಿಗೆ ಇರಬೇಕು!

"ಇರ್ಲಿ," ಎಂದಳು.

"ಫೋನಿಂದ ಯಾರಿಗಾದ್ರೂ ಒಂದು ಕಾಲ್ ಮಾಡ್ರಿ ಅಕ್ಕ. ಧ್ವನಿ ಸರಿ ಐತಾ ನೋಡ್ಬೇಕು."

ಅವ್ವನ ನಂಬರು ಅವಳಿಗೆ ಬಾಯಿಪಾಠ. ಆದರೆ ಬೆರಳು ಒತ್ತಿದ್ದು ಮೊಬೈಲಿನಲ್ಲಿ ನೋಡಿದ ಆ ನಂಬರನ್ನು.

ಎರಡನೇ ರಿಂಗಿಗೇ ಹೆಣ್ಣಿನ ದನಿ ನಕ್ಕಿತು. "ಇಪ್ಪಟಿಕಿ ಗುರ್ತೊಚ್ಚಿನಾನಾ ನೇನು? ಎನ್ನಿ ರೋಜುಲಾಯೆ!"

ತೆಲುಗು! ಈಗ ನೆನಪಾದೆನಾ ನಾನು, ಎಷ್ಟು ದಿನವಾಯಿತು... ಎಂದು ಆ ದನಿ ಮುನಿಸಿಕೊಂಡಿತ್ತು.

ಜಗದಾಂಬ ಫೋನ್ ಇಟ್ಟುಬಿಟ್ಟಳು.

"ಕೇಳ್ತಾ?" ಎಂದ ಎರ್ರಿಸ್ವಾಮಿ.

"ಚೆನ್ನಾಗಿ ಕೇಳ್ತು."

ಹೆಣದ ಮುಂದೆಯೂ ಅತ್ತಿರಲಿಲ್ಲ ಅವಳು. ಕಲ್ಲಾಗಿದಾಳೆ ಎಂದು ಹೆಂಗಸರು ಪಿಸುಗುಟ್ಟಿದ್ದರು. ಈಗ ಆ ಕಲ್ಲಿನೊಳಗೆ ಬೆಂಕಿ ಹತ್ತಿತು. ನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಭಾಷೆಯ ಒಂದು ಪದ ಆಡಲಿಲ್ಲ. ಅವಳ ಹತ್ತಿರ ಆಡುತ್ತಿದ್ದನೇ? ಪ್ರತಿ ಗುರುವಾರ ಬಿ.ಜಿ. ಕೆರೆಗೆ ಮೋಟಾರ್ ರಿಪೇರಿ ಎಂದು ಹೋಗುತ್ತಿದ್ದದ್ದು ಇದಕ್ಕೇನಾ? ಸತ್ತವನ ಕೊರಳಪಟ್ಟಿ ಹಿಡಿದು ಕೇಳುವುದಾದರೂ ಹೇಗೆ! ಅವನು ತನ್ನವನಾಗಿದ್ದನೋ ಇಲ್ಲವೋ ಎಂದು ತಿಳಿಯದೆ ಅವನಿಗಾಗಿ ಅಳುವುದಾದರೂ ಹೇಗೆ?

ಮಾಳಿಗೆ ಹತ್ತಿ ಮಿಲ್ಲಿಗೆ ಫೋನ್ ಮಾಡಿ ವಿಚಾರಿಸಿದಳು. "ಮೊಳಕಾಲ್ಮೂರಲ್ಲಿ ಟ್ಯೂಷನ್ ಹೇಳೋ ವನಜಾಕ್ಷಿ ಮೇಡಂ ಅಲ್ವಾ? ಅವರ ಮನೆ ಮಿಕ್ಸಿ ಮಾರುತೇಶನೇ ರಿಪೇರಿ ಮಾಡಿಕೊಟ್ಟಿದ್ದ," ಎಂದ ಜೊತೆಯ ಕೆಲಸಗಾರ. ವಿಳಾಸವನ್ನೂ ಹೇಳಿದ.

ಮರುದಿನ ಅವಳು ಚಪ್ಪಲಿ ಮೆಟ್ಟಿದಾಗ ಬೋರಕ್ಕ ಅಡ್ಡ ಬಂದಳು. "ತಿಂಗಳು ತುಂಬಿಲ್ಲ ಕಣೇ. ಹೊಸ್ತಿಲು ದಾಟ್ತೀಯಾ?"

"ಬ್ಯಾಂಕಿಗೆ ಅತ್ತೆ. ಸಹಿ ಬೇಕಂತೆ."

ಸುಳ್ಳು ಹೇಳಿ ಮೊಳಕಾಲ್ಮೂರಿನ ಬಸ್ಸು ಹತ್ತಿದಳು.

ಬಾಗಿಲು ತೆಗೆದವಳಿಗೆ ಮೂವತ್ತೈದೂ ಇರಲಿಕ್ಕಿಲ್ಲ. ಉದ್ದ ಜಡೆ, ಜಡೆಗೆ ಕನಕಾಂಬರ. ಪಕ್ಕದ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಜಗದಾಂಬಳ ಕೈ ತಾನಾಗಿ ತನ್ನ ಬೋಳು ಹಣೆ ಮುಟ್ಟಿಕೊಂಡಿತು. ಚೆನ್ನಾಗಿದಾಳೆ... ಥೂ, ಎಷ್ಟು ಚೆನ್ನಾಗಿದಾಳೆ!

"ಯಾರು ಬೇಕಾಗಿತ್ತು?"

ಅಷ್ಟರಲ್ಲಿ ಜಗದಾಂಬಳ ಬ್ಯಾಗಿನೊಳಗೆ ಟಿಂಗ್, ಟಿಂಗ್, ಟಿಂಗ್ ಎಂದು ಸದ್ದಾಯಿತು. ತೆಗೆದು ನೋಡಿದಳು. ಮಾರುತೇಶನ ಮೊಬೈಲು ಯಾರನ್ನೂ ಕೇಳದೆ ಆ ಮನೆಯ ವೈಫೈ ಹಿಡಿದುಕೊಂಡಿತ್ತು!

ತಡೆಯಲಾಗಲಿಲ್ಲ ಅವಳಿಗೆ.

"ನಮ್ಮನೆ ವೈಫೈ ಹಿಡಿಯಕ್ಕೆ ಈ ಮೊಬೈಲಿಗೆ ಅರ್ಧ ದಿನ ಬೇಕಾಯ್ತು. ನಿಮ್ಮನೇದು ಬಾಗಿಲಲ್ಲೇ ಹಿಡೀತು ನೋಡ್ರಿ!"

ವನಜಾಕ್ಷಿ ಮೊಬೈಲಿನ ಬಿರುಕುಬಿಟ್ಟ ಕವರ್ ಗುರುತಿಸಿದಳು. "ಇದು ಮಾರುತೇಶ್ ಅವರದಲ್ವಾ? ನೀವು... ಜಗದಾ? ಎರಡು ಗುರುವಾರ ಬರ್ಲಿಲ್ಲ ಅವರು. ಹುಷಾರಿದಾರಾ?"

"ಹೋಗಿಬಿಟ್ರು."

"ಎಲ್ಲಿಗೆ?"

ವನಜಾಕ್ಷಿ ಆಗ ಅವಳ ಹಣೆ ನೋಡಿದಳು. ಹೊಸ್ತಿಲ ಮೇಲೆಯೇ ಕುಸಿದು ಕೂತಳು.

ಇವಳು ಅಳುತ್ತಿದ್ದಾಳೆ. ನನಗೇ ಬಾರದ ಅಳು ಇವಳಿಗೆ ಬಂತು! ಯಾವ ಹಕ್ಕಿನಿಂದ?

"ಏನಾಗಬೇಕು ನಿಮಗೆ ಅವರು?" ದನಿ ಒರಟಾಗಿತ್ತು.

ವನಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗಿನ ಚಾಪೆ ತೋರಿಸಿದಳು. "ಅಲ್ಲಿ ಕೂರ್ತಿದ್ರು. ಒಂದನೇ ಕ್ಲಾಸಿನ ಹುಡುಗರ ಪಕ್ಕ. ಅ, ಆ ತಿದ್ದಕ್ಕೆ."

"ಏನು?"

"ತೆಲುಗು ಕಲೀತಿದ್ರು ಕಣ್ರಿ ನಿಮ್ ಯಜಮಾನ್ರು! ಚಳ್ಳಕೆರೇಲಿ ಕಲಿತ್ರೆ ನಿಮ್ ಕಿವಿಗೆ ಬೀಳ್ತೈತೆ ಅಂತ ಇಲ್ಲಿತನಕ ಬರೋರು. ಉಚ್ಚಾರಣೆ ವಿಡಿಯೋ ನೋಡಕ್ಕೆ ವೈಫೈ ಹಾಕ್ಕೊಟ್ಟಿದ್ದೆ."

ಜಗದಾಂಬ ಆ ಚಾಪೆಯ ಕಡೆ ತಿರುಗಿ ನೋಡಿದಳು.

"ಮೊದಲ್ನೇ ದಿನವೇ ಕೇಳಿದ್ದೆ, ಯಾಕ್ರಿ ಈ ವಯಸ್ಸಲ್ಲಿ ಅಂತ. ಏನಂದ್ರು ಗೊತ್ತಾ? 'ದಿನಾ ಅರ್ಧ ಗಂಟೆ ಮಾಳಿಗೆ ಮೇಲೆ ನಗ್ತಾಳೆ ಮೇಡಂ. ಕೆಳಗಿಳಿಯೋ ಹೊತ್ತಿಗೆ ಆ ನಗು ಮುಗಿದಿರ್ತೈತೆ. ನಮ್ಮತ್ತೆ ಮೇಲೆ ಹೊಟ್ಟೆಕಿಚ್ಚು ನಂಗೆ' ಅಂದ್ರು."

ಹೊಟ್ಟೆಕಿಚ್ಚು... ಅವನಿಗೂ!

"ಹೇಳಬೌದಿತ್ತಲ್ಲ ನಂಗೆ? ನಾನೇ ಕಲಿಸ್ತಿದ್ದೆ."

ವನಜಾಕ್ಷಿ ಸ್ವಲ್ಪ ಹಿಂಜರಿದಳು. "ನೀವು ಎಂ.ಎ. ಅಂತೆ. ಅವರು ಪಿಯುಸಿ ಫೇಲು. ಸಾಮಾನಿನ ಚೀಟಿ ಬರೆದ್ರೂ ನೀವು ತಪ್ಪು ಹಿಡೀತೀರಂತೆ. ಪೂರ್ತಿ ಬಂದಮೇಲೇ ಬಾಯಿ ಬಿಡೋದು ಅಂತ ಹಟ ಅವರಿಗೆ."

ಹೌದು. ಹಿಡಿಯುತ್ತಿದ್ದಳು. ತಮಾಷೆಗೆ ಎಂದುಕೊಂಡು ಹಿಡಿಯುತ್ತಿದ್ದಳು. ಅವನೂ ನಗುತ್ತಿದ್ದ.

"ನಡುಮನೆಗೆ ಫೋನ್ ಬಂದ್ರೆ ನೀವು ಅಲ್ಲೇ ಕೂತು ಮಾತಾಡ್ತೀರ, ಅವರು ಪಕ್ಕದಲ್ಲಿ ಕೂತು ಕೇಳ್ತಾರೆ. ಅದು ಅವರ ಲೆಕ್ಕಾಚಾರ. ಮೊದಲ ಕಾಲ್ ನನಗೆ, ಅದು ಪರೀಕ್ಷೆ. ಪಾಸಾದ್ರೆ ಎರಡನೇದು ಅತ್ತೆಗೆ, ನಿಮ್ಮ ಎದುರಿಗೇ. ಅದಕ್ಕೇ ನಿನ್ನೆ ಚಳ್ಳಕೆರೆ ನಂಬರ್ ನೋಡಿದ ತಕ್ಷಣ ಅವರೇ ಅಂದ್ಕೊಂಡೆ... ರೇಗಿಸಿದೆ."

ಹೊಟ್ಟೆಯ ಬೆಂಕಿ ಆರಿತೇ? ಪೂರ್ತಿ ಆರಲಿಲ್ಲ. ಅವನು ಆಡಿದ ತೆಲುಗೆಲ್ಲ ಇವಳ ಕಿವಿಗೆ ಬಿದ್ದಿತ್ತು. ಯಾರಿಗಾಗಿ ಕಲಿತನೋ ಅವಳಿಗೆ ಒಂದು ಪದವೂ ಸಿಕ್ಕಿರಲಿಲ್ಲ.

"ಹೆಂಗ್ ಮಾತಾಡ್ತಿದ್ರು?" ಎಂದು ಕೇಳಿದಳು ಮೆಲ್ಲಗೆ. "ಒಂದ್ಸಲ ಹೇಳ್ರಿ."

ವನಜಾಕ್ಷಿ ಗಂಟಲು ದಪ್ಪ ಮಾಡಿಕೊಂಡಳು. "'ಅತ್ತಾ... ನೇನು ಮಾರುತೇಶ್ ಮಾಟ್ಲಾಡ್ತಾ ಉಂಡಾ. ಅನ್ನಂ ತಿನ್ನಾರಾ ಐತೆ?' ಎಷ್ಟು ಸಲ ತಿದ್ದಿದ್ರೂ, ಊಟ ಆಯ್ತಾ ಅನ್ನೋದಕ್ಕೂ ಕೊನೆಗೊಂದು ನಮ್ಮ ಕನ್ನಡದ ಐತೆ ಸೇರಿಸೋರು!"

ಜಗದಾಂಬ ನಕ್ಕಳು. ಹದಿನಾಲ್ಕು ದಿನಗಳಲ್ಲಿ ಮೊದಲ ಸಲ. ಆ ನಗುವಿನ ಹಿಂದೆಯೇ ಅಳು ನುಗ್ಗಿ ಬಂತು. ವನಜಾಕ್ಷಿ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಹೊರಡುವಾಗ ವನಜಾಕ್ಷಿ ಸಂಕೋಚದಿಂದಲೇ ಕೇಳಿದಳು. "ಒಂದನೇ ಕ್ಲಾಸಿನ ತೆಲುಗು ಪುಸ್ತಕ ಒಯ್ದಿದ್ರು. ಸಿಕ್ರೆ ನೋಡ್ರಿ. ಹುಡುಗರಿಗೆ ಇದ್ದದ್ದು ಅದೊಂದೇ."

ಚಳ್ಳಕೆರೆಯಲ್ಲಿ ಬಸ್ಸಿಳಿದವಳು ನೇರ ಮಿಲ್ಲಿಗೆ ಹೋದಳು. ಪುಸ್ತಕ ಅಲ್ಲಿ ಅವನ ಸ್ಪ್ಯಾನರುಗಳ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಮೂಲೆಗಳಿಗೆಲ್ಲ ಶೇಂಗಾ ಎಣ್ಣೆ ಅಂಟಿತ್ತು.

ಅವತ್ತು ಸಂಜೆ ಅವಳು ಮಾಳಿಗೆ ಹತ್ತಲಿಲ್ಲ. ನಡುಮನೆಯಲ್ಲಿ ಕೂತು ಅವ್ವನಿಗೆ ಫೋನ್ ಮಾಡಿದಳು. ಅವರ ಅಳಿಯ ಒಂದನೇ ಕ್ಲಾಸಿಗೆ ಸೇರಿದ್ದ ಕಥೆ ಹೇಳಿದಳು. ಬೋರಕ್ಕ ಅವರೆಕಾಯಿ ಸುಲಿಯುತ್ತ ಎದುರಿಗೇ ಕೂತಿದ್ದಳು. "ಏನೇ ಅದು, ನನ್ ಮಗನ ಹೆಸರು ಬಂತಲ್ಲ? ನಂಗೂ ಹೇಳು," ಎಂದಳು. ಜಗದಾಂಬ ಒಂದೊಂದೇ ಮಾತನ್ನು ಕನ್ನಡಕ್ಕೆ ಮಾಡಿ ಹೇಳಿದಳು.

ಗುರುವಾರ ಚಪ್ಪಲಿ ಮೆಟ್ಟಿದಾಗ ಅವಳೇ ಹೇಳಿದಳು. "ಬ್ಯಾಂಕಿಗಲ್ಲ ಅತ್ತೆ. ಮೊಳಕಾಲ್ಮೂರಿಗೆ."

ಬೋರಕ್ಕ ಅವಳ ಕೈಯಲ್ಲಿದ್ದ ಪುಸ್ತಕ ನೋಡಿದಳು. "ಹೊತ್ತು ಮುಳುಗೋದ್ರೊಳಗೆ ಬಾ."

ವನಜಾಕ್ಷಿಯ ಮನೆಯಲ್ಲಿ ಇಬ್ಬರೂ ಚಾಪೆಯ ಮೇಲೆ ಕೂತು ಪುಟ ತಿರುಗಿಸಿದರು. ಎಲ್ಲೆಲ್ಲೂ ಪೆನ್ಸಿಲ್ ಬರಹ.

"ಅಯ್ಯೋ, ಎಷ್ಟು ತಪ್ಪು ಬರೆದಾರೆ! ನೀವಾದ್ರೂ ತಿದ್ದಿ ತರಬಾರ್ದಿತ್ತಾ?" ಎಂದಳು ವನಜಾಕ್ಷಿ.

"ಪೆನ್ಸಿಲ್ ಹಿಡ್ಕೊಂಡು ಕೂತಿದ್ದೆ ಅಕ್ಕ. ಕೈ ಬರ್ಲಿಲ್ಲ."

ಕೊನೆಯ ಪಾಠದ ಕೆಳಗೆ ಕನ್ನಡ ಅಕ್ಷರದಲ್ಲಿ ಒಂದು ತೆಲುಗು ಸಾಲಿತ್ತು. 'ಜಗದಾ, ನುವ್ವು ಚೆಪ್ಪು. ನೇನು ವಿಂಟಾ.'

ನೀನು ಹೇಳು. ನಾನು ಕೇಳ್ತೀನಿ.

ವನಜಾಕ್ಷಿ ಪುಸ್ತಕವನ್ನು ಅವಳ ಕಡೆ ಸರಿಸಿದಳು. "ಈ ಪುಟ ಹರಿದುಕೊಳ್ರಿ. ಇದು ನಿಮ್ದು."

ಜಗದಾಂಬಳಿಗೆ ಆಸೆಯಾಯಿತು. ಈ ಸಾಲು ಇನ್ನೊಬ್ಬರ ಮನೆಯಲ್ಲಿ ಉಳಿಯುವುದೇ ಎಂಬ ಕಿಚ್ಚೂ ಒಮ್ಮೆ ಎದ್ದಿತು. ಬೆರಳು ಪುಟದ ಅಂಚಿನವರೆಗೆ ಹೋಗಿ ನಿಂತಿತು.

"ಬ್ಯಾಡ. ಹುಡುಗರ ಪುಸ್ತಕ ಹರಿದು ಕೊಟ್ರೆ ನಮ್ ಯಜಮಾನ್ರಿಗೆ ಅವಮಾನ."

"ಈ ಸಾಲಿಗೆ ಉತ್ತರ ಕೊಟ್ರಾ ಅವರಿಗೆ?"

"ಊಂ. ಚಳ್ಳಕೆರೆಯಿಂದ ಇಲ್ಲಿತನಕ ಬಸ್ಸಲ್ಲಿ ಹೇಳ್ಕೊಂಡೇ ಬಂದೆ. ತೆಲುಗಲ್ಲೇ."

"ಏನಂದ್ರು?"

"ಕೇಳಿದ್ರು," ಎಂದಳು ಜಗದಾಂಬ. ಪುಸ್ತಕ ಮುಚ್ಚಿ, ಎಣ್ಣೆ ಅಂಟಿದ ಮೂಲೆಯನ್ನು ಸೆರಗಿನಿಂದ ಒಮ್ಮೆ ಒರೆಸಿ, ಎರಡೂ ಕೈಯಿಂದ ವನಜಾಕ್ಷಿಗೆ ಕೊಟ್ಟಳು.